ಅವಕೆಂಪು ಕಿರಣಗಳೂ ಬೆನ್ನಿನ ಬಿಗಿತವೂ

ರೋಣ, ನರಗುಂದ, ಗಜೇಂದ್ರಗಡಗಳ ಕಡೆ ಬೆನ್ನು ಹಿಡಿದರೆ ಬಿಸಿ ಇಟ್ಟಿಗೆಯನ್ನು ಬಟ್ಟೆಯಲ್ಲಿ ಸುತ್ತಿ ಕಾಸುವುದುಂಟು. ಕಾದ ಇಟ್ಟಿಗೆಯು ಸೂಸುವುದೂ 1800ರಲ್ಲಿ ವಿಲಿಯಂ ಹರ್ಷೆಲ್ ಕಂಡುಹಿಡಿದ ಅವಕೆಂಪು ಕಿರಣಗಳನ್ನೇ. ಅವು ಕಣ್ಣಿಗೆ ಕಾಣವು, ಚರ್ಮಕ್ಕೆ ತಿಳಿಯುವುವು. ಅವುಗಳ ಶಾಖದಿಂದ ರಕ್ತನಾಳಗಳು ಹಿಗ್ಗಿ, ಬಿಗಿದ ಸ್ನಾಯುಗಳು ಸಡಿಲುವುವು.

ಆದರೆ ತರುಣನೊಬ್ಬನ ಸೊಂಟವು ಪ್ರತಿ ಮುಂಜಾನೆ ಅರ್ಧ ಗಂಟೆಗೂ ಮೀರಿ ಬಿಗಿದು, ಮಲಗಿದರೆ ಹೆಚ್ಚಿ, ನಡೆದಾಡಿದರೆ ಇಳಿದು, ಮೂರು ತಿಂಗಳು ಕಾಡಿದರೆ ಅದು ಬೆನ್ನೆಲುಬಿನ ಕೀಲುಗಳ ಉರಿಯೂತವಿರಬಹುದು. ಅಲಕ್ಷಿಸಿದಲ್ಲಿ ಬೆನ್ನುಮಣಿಗಳು ಒಂದಕ್ಕೊಂದು ಬೆಸೆದು ಬೆನ್ನು ಬಾಗದಂತಾದೀತು. ನೆದರ್ಲೆಂಡ್ಸಿನಲ್ಲಿ ನಡೆದು 2009ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಇಂಥ 17 ರೋಗಿಗಳಿಗೆ ನಾಲ್ಕು ವಾರಗಳಲ್ಲಿ 8 ಬಾರಿ ಅವಕೆಂಪು ಶಾಖ ಕೊಟ್ಟಾಗ ನೋವೂ ಬಿಗಿತವೂ ಆ ಹೊತ್ತಿಗೆ ತಗ್ಗಿದವು. ರೋಗದ ತೀವ್ರತೆ ಮಾತ್ರ ಹಾಗೆಯೇ ಉಳಿಯಿತು. ಆದುದರಿಂದ ಶಾಖ ಪಡೆದು ಮೈ ಸಡಿಲವಾದೊಡನೆ ವ್ಯಾಯಾಮ ಮಾಡಬೇಕು. ಔಷಧವನ್ನು ವೈದ್ಯರೇ ಹೇಳಬೇಕು. ಸಕ್ಕರೆ ರೋಗದಿಂದ ಚರ್ಮ ಮರಗಟ್ಟಿದವರು ಎಚ್ಚರ ವಹಿಸಲಿ: ಅವರಿಗೆ ಸುಟ್ಟದ್ದೂ ತಿಳಿಯದು.