ಕೈಗಳೆರಡು, ಗಂಟು ಒಂದು

ನಮ್ಮಲ್ಲಿ ಮದುವೆಯೆಂದರೆ ಮೂರು ಗಂಟು. ವಾಲಗದ ಸದ್ದು ಏರುತ್ತದೆ, ಅಕ್ಷತೆ ಬೀಳುತ್ತದೆ, ಫೋಟೊ ತೆಗೆಯುವವರ ಬೆನ್ನ ಹಿಂದೆ ನಿಂತವರಿಗೆ ಏನೂ ಕಾಣುವ ಮೊದಲೇ ತಾಳಿ ಕಟ್ಟಿ ಮುಗಿದಿರುತ್ತದೆ. ಸ್ಕಾಟ್ಲೆಂಡ್, ಐರ್ಲೆಂಡ್, ಇಂಗ್ಲೆಂಡ್ ಕಡೆ ಇನ್ನೊಂದು ಬಗೆಯ ಗಂಟಿದೆ. ಅಲ್ಲಿ ದಾರ ಬೀಳುವುದು ಕೈಗೆ, ಅದೂ ಇಬ್ಬರ ಕೈಗೂ ಒಟ್ಟಿಗೆ. ಅದಕ್ಕೆ ಹ್ಯಾಂಡ್‌ಫಾಸ್ಟಿಂಗ್ ಎನ್ನುತ್ತಾರೆ. ರೀಲ್ಸ್‌ನಲ್ಲಿ ನೀವೂ ನೋಡಿರಬಹುದು. ಓದಲು, ಕೆಲಸಕ್ಕೆಂದು ಆ ಕಡೆ ಹೋದ ಗೆಳೆಯರಿದ್ದರೆ, ‘ನಮ್ಮ ಮದುವೆಯಲ್ಲಿ ದಾರ ನೀನೇ ಕಟ್ಟಬೇಕು’ ಎಂಬ ಕರೆ ಬಂದರೂ ಬರಬಹುದು!

ಮೊದಲು ಸ್ವಲ್ಪ ಇತಿಹಾಸ. ಕೈಗೆ ಕೈ ಕೊಟ್ಟು ಮಾತು ಗಟ್ಟಿ ಮಾಡಿಕೊಳ್ಳುವುದು ಎಂಬುದೇ ಈ ಹೆಸರಿನ ಮೂಲ ಅರ್ಥ. ಹಳೆಯ ಸ್ಕಾಟ್ಲೆಂಡಿನಲ್ಲಿ ಇದು ಬಹುಮಟ್ಟಿಗೆ ನಿಶ್ಚಿತಾರ್ಥ. ಅಲ್ಲಿ ಪಾದ್ರಿಯಿಲ್ಲದೆ, ಗಂಡು ಹೆಣ್ಣು ತಾವೇ ಒಪ್ಪಿ ಘೋಷಿಸಿಕೊಂಡ ಮದುವೆಗೂ 1940ರವರೆಗೆ ಕಾನೂನಿನ ಮನ್ನಣೆಯಿತ್ತು. ‘ಒಂದು ವರ್ಷ ಒಂದು ದಿನ ಜೊತೆಗಿದ್ದು ನೋಡಿ, ಸರಿಬರದಿದ್ದರೆ ಬಿಡುವ ಮದುವೆ’ ಎಂಬ ಕತೆ ಬಹಳ ಪ್ರಸಿದ್ಧ. ವಾಲ್ಟರ್ ಸ್ಕಾಟ್ 1820ರ ತನ್ನ ಕಾದಂಬರಿ ‘ದಿ ಮೊನಾಸ್ಟರಿ’ಯಲ್ಲಿ ಅದನ್ನು ಬಳಸಿಕೊಂಡ. ಇತಿಹಾಸಕಾರರು ಮಾತ್ರ ಅದನ್ನು ಸುಲಭವಾಗಿ ಒಪ್ಪುವುದಿಲ್ಲ. ಇಂದು ನಾವು ನೋಡುವ ದಾರದ ಶಾಸ್ತ್ರ ಜನಪ್ರಿಯವಾದದ್ದು ಕಳೆದ ಶತಮಾನದ ಉತ್ತರಾರ್ಧದಲ್ಲಿ. ಅಂದರೆ ದಾರ ಹೊಸದು, ಕೊಟ್ಟ ಮಾತು ಹಳೆಯದು.

ಇನ್ನು ಕಟ್ಟುವ ವಿಧಾನ. ಆರರಿಂದ ಒಂಬತ್ತು ಅಡಿ ಉದ್ದದ ಮೆತ್ತನೆಯ ದಾರ ಸಾಕು. ಮೂರು ಬಣ್ಣದ ಎಳೆಗಳನ್ನು ಜಡೆಯಂತೆ ಹೆಣೆದರೆ ನೋಡಲೂ ಚೆಂದ. ಅಜ್ಜಿಯ ಹಳೆ ಸೀರೆಯ ಅಂಚೂ ಆದೀತು. ರೇಷ್ಮೆ ಜಾರುತ್ತದೆ, ಸೆಣಬು ಚುಚ್ಚುತ್ತದೆ, ಹೊಸಬರಿಗೆ ಹತ್ತಿಯೇ ವಾಸಿ.

ಗಂಟಿಲ್ಲದ ಸುತ್ತು

ಎಲ್ಲಕ್ಕಿಂತ ಸುಲಭ ಇದು. ಜೋಡಿ ಬಲಗೈಗೆ ಬಲಗೈ ಕೊಟ್ಟು ನಿಲ್ಲಲಿ. ಅವರು ಒಂದೊಂದು ಮಾತು ಕೊಟ್ಟಂತೆ ನೀವು ಮಣಿಕಟ್ಟುಗಳ ಮೇಲೆ ಒಂದೊಂದು ಸುತ್ತು ಹಾಕುತ್ತಾ ಹೋಗಿ. ಕೊನೆಯ ತುದಿಯನ್ನು ಸುತ್ತಿನೊಳಗೆ ಸಿಕ್ಕಿಸಿದರಾಯಿತು. ಒಂದೇ ದಾರದ ಬದಲು ಅಮ್ಮ, ಅಪ್ಪ, ಗೆಳತಿ ಎಲ್ಲರೂ ಒಂದೊಂದು ರಿಬ್ಬನ್ ಹಾಕಬಹುದು.

ಕೈ ಬಿಡಿಸಿದರೂ ಉಳಿಯುವ ಗಂಟು

ಹಿಡಿದ ಕೈಗಳ ಅಡಿಯಿಂದ ದಾರ ಹಾಯಿಸಿ, ಎರಡೂ ತುದಿಗಳನ್ನು ಮೇಲಕ್ಕೆ ತನ್ನಿ. ಒಂದರ ಮೇಲೊಂದು ಅಡ್ಡ ಹಾಕಿ, ಒಂದನ್ನು ಇನ್ನೊಂದರ ಅಡಿಯಿಂದ ತೂರಿಸಿ. ಶೂ ಲೇಸ್ ಕಟ್ಟುವಾಗಿನ ಮೊದಲ ಹೆಜ್ಜೆ ನೆನಪಿಸಿಕೊಳ್ಳಿ, ಅಷ್ಟೇ. ಬಿಗಿಯಬೇಡಿ. ಮಾತು ಮುಗಿದ ಮೇಲೆ ಇಬ್ಬರೂ ಎಡಗೈಯಲ್ಲಿ ಒಂದೊಂದು ತುದಿ ಹಿಡಿದು, ಬಲಗೈಗಳನ್ನು ಮೆಲ್ಲಗೆ ಹೊರತೆಗೆದು ತುದಿಗಳನ್ನು ಎಳೆಯಲಿ. ಕೈಗಳು ಹೊರಗೆ ಬರುತ್ತವೆ, ದಾರದ ನಡುವೆ ಗಂಟು ಉಳಿಯುತ್ತದೆ. ಅದನ್ನು ಹಾಗೆಯೇ ಡಬ್ಬಿಯಲ್ಲಿ ಜೋಪಾನ ಮಾಡುತ್ತಾರೆ.

ಬೆಸ್ತರ ಗಂಟು

ಇದಕ್ಕೆ ಎರಡು ದಾರ ಬೇಕು. ತುದಿಗಳು ಎದುರುಬದುರಾಗುವಂತೆ ಅಕ್ಕಪಕ್ಕ ಇಡಿ. ಆತ ತನ್ನ ದಾರದ ಗಿಡ್ಡ ತುದಿಯನ್ನು ಆಕೆಯ ದಾರದ ಸುತ್ತ ತಂದು ಗಂಟು ಹಾಕಲಿ, ಆಕೆಯೂ ಆತನ ದಾರದ ಸುತ್ತ ಹಾಗೆಯೇ ಮಾಡಲಿ. ಇಬ್ಬರೂ ಉದ್ದದ ತುದಿಗಳನ್ನು ಎಳೆದಾಗ ಎರಡು ಗಂಟುಗಳೂ ಜಾರಿ ಬಂದು ಒಂದಕ್ಕೊಂದು ಆತುಕೊಳ್ಳುತ್ತವೆ. ಎಳೆದಷ್ಟೂ ಬಿಗಿಯಾಗುವ ಗಂಟಿದು. ಒಂದಾದ ಈ ದಾರವನ್ನು ಹಿಡಿದ ಕೈಗಳ ಮೇಲೆ ಹೊದಿಸಿದರೆ ಶಾಸ್ತ್ರ ಮುಗಿಯಿತು.

ಮನೆಯಲ್ಲಿರುವ ಲಾಡಿ ತೆಗೆದುಕೊಂಡು ಗೆಳೆಯರ ಕೈ ಮೇಲೆ ನಾಲ್ಕು ಸಲ ಅಭ್ಯಾಸ ಮಾಡಿದರೆ ಸಾಕು, ಕೈ ಕುದುರುತ್ತದೆ. ಬಳೆ, ವಾಚು ಇದ್ದರೆ ಮೊದಲೇ ತೆಗೆಸಿ. ಬೆರಳು ಆಡುವಷ್ಟು ಸಡಿಲವಿರಲಿ.

ಆದರೆ ಒಂದು ಮಾತು ಮರೆಯಬೇಡಿ. ದಾರ ಕಟ್ಟಿದ ಮಾತ್ರಕ್ಕೆ ಮದುವೆ ಆಗಿಬಿಡುವುದಿಲ್ಲ. ಸ್ಕಾಟ್ಲೆಂಡಿನಲ್ಲಿ ಮಾನವತಾವಾದಿ ಪದ್ಧತಿಯ ಮದುವೆಗೆ 2005ರಿಂದ ಕಾನೂನಿನ ಮಾನ್ಯತೆಯಿದೆ. ಅಲ್ಲೂ ನೋಟಿಸ್, ಅಧಿಕಾರವಿರುವ ವ್ಯಕ್ತಿ, ಸಾಕ್ಷಿಗಳು, ಸಹಿ ಬೇಕೇ ಬೇಕು. ಇಂಗ್ಲೆಂಡಿನಲ್ಲಿ ಈ ಶಾಸ್ತ್ರ ಮಾಡಿಕೊಂಡವರು ನೋಂದಣಿ ಕಚೇರಿಗೆ ಪ್ರತ್ಯೇಕವಾಗಿ ಹೋಗಿಬರುತ್ತಾರೆ. ನಮ್ಮ 1954ರ ವಿಶೇಷ ವಿವಾಹ ಕಾಯ್ದೆಯೂ ಜೋಡಿಗೆ ಇಷ್ಟವಾದ ಯಾವುದೇ ವಿಧಿಯನ್ನು ಆರಿಸಿಕೊಳ್ಳುವ ಅವಕಾಶ ಕೊಟ್ಟಿದೆ. ಆದರೆ 30 ದಿನಗಳ ನೋಟಿಸ್ ಆಗಿರಬೇಕು. ವಿವಾಹಾಧಿಕಾರಿ ಮತ್ತು ಮೂವರು ಸಾಕ್ಷಿಗಳ ಎದುರು ಇಬ್ಬರೂ ಬಾಯಿಬಿಟ್ಟು ಒಪ್ಪಿಗೆ ಹೇಳಬೇಕು.

ಸಿನಿಮಾದಲ್ಲಿ ಗುಡಿಯ ಹಿಂದೆ ಅರಿಶಿನ ಕೊಂಬು ಕಟ್ಟಿದರೆ ಕತೆ ಮುಂದೆ ಸಾಗುತ್ತದೆ. ನಿಜ ಬದುಕಿನಲ್ಲಿ ‘ನಮ್ಮಿಬ್ಬರಿಗೆ ಈ ದಾರವೇ ಸಾಕು, ಕಾಗದ ಯಾಕೆ’ ಎಂದು ಯಾರಾದರೂ ಹೇಳಿದರೆ, ಆ ಮಾತು ನಂಬಿದವರ ಪಾಲಿಗೆ ನಾಳೆ ಆಸ್ತಿಯ ಹಕ್ಕೂ ಇಲ್ಲ, ಜೀವನಾಂಶವೂ ಇಲ್ಲ ಎಂಬ ಪರಿಸ್ಥಿತಿ ಬರಬಹುದು. ಪ್ರೀತಿಯಿದ್ದವರಿಗೆ ಸಹಿ ಹಾಕಲು ಅಂಜಿಕೆ ಯಾಕೆ?

ಹಾಗೆಂದು ದಾರವೇನೂ ಕೀಳಲ್ಲ. ಸರಳ ಮದುವೆ ನಮಗೂ ಹೊಸತಲ್ಲ, ಕುವೆಂಪು ಅವರ ಮಂತ್ರ ಮಾಂಗಲ್ಯ ನಮ್ಮ ಕಣ್ಣೆದುರೇ ಇದೆ. ಸಾಲ ಮಾಡಿ ಛತ್ರ ಹಿಡಿಯದೆಯೂ ಮದುವೆಗೆ ಗಾಂಭೀರ್ಯ ಬರುತ್ತದೆ ಎಂಬುದನ್ನು ಅದು ತೋರಿಸಿದೆ. ಕೆಲವು ಅಡಿ ದಾರದ ಈ ಶಾಸ್ತ್ರ ಹೇಳುವುದೂ ಅದನ್ನೇ. ಇಲ್ಲಿ ಯಾರ ಕೈಯನ್ನೂ ಯಾರೂ ಎಳೆದು ಕಟ್ಟುವುದಿಲ್ಲ. ಇಬ್ಬರೂ ತಾವಾಗಿಯೇ ಕೈ ಮುಂದೆ ಚಾಚಬೇಕು. ಗಂಟು ಹಾಕುವ ಮೊದಲು ನೋಡಬೇಕಾದದ್ದು ಅದನ್ನೇ: ಎರಡು ಕೈಗಳೂ ಮನಸ್ಸಿಟ್ಟು ಮುಂದೆ ಬಂದಿವೆಯೇ? ಬಂದಿದ್ದರೆ ಕಟ್ಟುವುದು ಎರಡು ನಿಮಿಷದ ಕೆಲಸ.