ಕಾಲುವೆ ಊರಿನಲ್ಲಿ ಈಜು ಕಲಿಸುವ ವ್ಯಾಪಾರ

ರಾಯಬಾಗ ತಾಲೂಕಿನ ಮುಗಳಖೋಡ ಎಂದರೆ ಕರಾವಳಿಯ ನಮ್ಮವರಲ್ಲಿ ಹೆಚ್ಚಿನವರಿಗೆ ಗೊತ್ತಾಗಲಿಕ್ಕಿಲ್ಲ. ಯಲ್ಲಾಲಿಂಗ ಮಹಾರಾಜರ ಮಠದ ಊರು ಎಂದರೆ ಉತ್ತರ ಕರ್ನಾಟಕದವರಿಗೆ ತಟ್ಟನೆ ತಿಳಿಯುತ್ತದೆ. ಉತ್ತರಕ್ಕೆ ಕೃಷ್ಣಾ, ದಕ್ಷಿಣಕ್ಕೆ ಘಟಪ್ರಭಾ, ನಡುವೆ ಎಡದಂಡೆ ಕಾಲುವೆಯ ನೀರಲ್ಲಿ ಬೆಳೆಯುವ ಕಬ್ಬು. ಕರಾವಳಿಗೆ ಹೋಲಿಸಿದರೆ ಮಳೆ ಏನೂ ಇಲ್ಲ ಅನ್ನಬೇಕು, ಆದರೆ ನೀರು ಎಲ್ಲಿ ನೋಡಿದರೂ ಉಂಟು. ಕಾಲುವೆ, ತೋಟದ ಬಾವಿ, ಕೃಷಿ ಹೊಂಡ.

ಇಲ್ಲಿ ಮದ್ರಸದಲ್ಲಿ ಕಲಿಸುವ ನಮಗೆ ಬೇಸಿಗೆ ಬಂತೆಂದರೆ ಒಂದು ಹೆದರಿಕೆ ಶುರು. ಅಸರ್ ನಂತರದ ತರಗತಿಗೆ ನಾಲ್ಕೈದು ಹುಡುಗರು ಒದ್ದೆ ತಲೆಯಲ್ಲಿ ಬಂದು ಕೂರುತ್ತಾರೆ. ಬೈಯಬೇಕೋ, ಸದ್ಯ ಬಂದರಲ್ಲ ಅಲ್‌ಹಮ್ದುಲಿಲ್ಲಾಹ್ ಎನ್ನಬೇಕೋ ತಿಳಿಯುವುದಿಲ್ಲ. ಬೇಡ ಎಂದರೆ ಕೇಳುವ ಪ್ರಾಯವೂ ಅಲ್ಲ. ನಲವತ್ತು ಡಿಗ್ರಿ ಬಿಸಿಲಿನಲ್ಲಿ ಮನೆಯ ಹಿಂದೆಯೇ ತಣ್ಣಗೆ ನೀರು ಹರಿಯುತ್ತಿದ್ದರೆ ಯಾವ ಹುಡುಗ ಸುಮ್ಮನಿರುತ್ತಾನೆ?

ಕಾಲುವೆ ನದಿಯ ಹಾಗಲ್ಲ. ಸಿಮೆಂಟಿನ ಇಳಿಜಾರು ಗೋಡೆಗೆ ಪಾಚಿ ಹಿಡಿದಿರುತ್ತದೆ, ಹಿಡಿದುಕೊಳ್ಳಲು ಒಂದು ಬೇರೂ ಸಿಗುವುದಿಲ್ಲ. ನೀರು ಪಾಳಿಯ ಮೇಲೆ ಬಿಡುತ್ತಾರೆ. ನಿನ್ನೆ ಮೊಣಕಾಲುದ್ದ ಇದ್ದದ್ದು ಇವತ್ತು ತಲೆ ಮೇಲೆ. ಕೃಷಿ ಹೊಂಡ ಅದಕ್ಕಿಂತ ಕೇಡು. 2014ರಲ್ಲಿ ಕೃಷಿ ಭಾಗ್ಯ ಯೋಜನೆ ಬಂದ ಮೇಲೆ ರಾಜ್ಯದಲ್ಲಿ ಹೊಂಡಗಳು ಹೆಚ್ಚಾದವು, ರೈತರಿಗೆ ಉಪಕಾರವೂ ಆಯಿತು. ಆದರೆ ಒಳಗೆ ಹಾಸಿದ ಪ್ಲಾಸ್ಟಿಕ್ ಹಾಳೆ ಒದ್ದೆಯಾದರೆ ಸಾಬೂನು ಇದ್ದ ಹಾಗೆ. ಈಜು ಬಲ್ಲವರೇ ಹತ್ತಲು ಒದ್ದಾಡುತ್ತಾರೆ. ಸುತ್ತ ತಂತಿ ಬೇಲಿ, ಒಳಗೆ ಗಂಟು ಹಾಕಿದ ಒಂದು ಹಗ್ಗ ಇಳಿಬಿಟ್ಟರೆ ಎಷ್ಟೋ ಜೀವ ಉಳಿದೀತು.

ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋದ ಲೆಕ್ಕದಲ್ಲಿ 2022ರಲ್ಲಿ ನಮ್ಮ ದೇಶದಲ್ಲಿ ನೀರಿನಲ್ಲಿ ಮುಳುಗಿ ಸತ್ತವರು 38,503 ಮಂದಿ. ಜಗತ್ತಿನಲ್ಲಿ 2021ರಲ್ಲಿ ಸುಮಾರು 3 ಲಕ್ಷ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಜುಲೈ 25ನ್ನು ಮುಳುಗಡೆ ತಡೆಯುವ ದಿನವೆಂದು ವಿಶ್ವಸಂಸ್ಥೆ ಗೊತ್ತುಮಾಡಿದ್ದೂ ಅದೇ ವರ್ಷ.

ಇಂಥ ಊರಿನಲ್ಲಿ ಒಬ್ಬ ಯುವಕ, ಗಲ್ಫಿನಲ್ಲಿ ಹೋಟೆಲ್ ಒಂದರ ಈಜುಕೊಳದಲ್ಲಿ ಕೆಲವು ವರ್ಷ ಲೈಫ್‌ಗಾರ್ಡ್ ಆಗಿದ್ದು ಊರಿಗೆ ಮರಳಿದವನು, ಮಕ್ಕಳಿಗೆ ಈಜು ಕಲಿಸುವುದನ್ನೇ ಕಸುಬು ಮಾಡಿಕೊಳ್ಳಲು ಹೊರಟಿದ್ದಾನೆ. ನಮ್ಮ ಬಳಿ ಬಂದು ಕೇಳಿದ ಮೊದಲ ಪ್ರಶ್ನೆ, "ಹಜರತ್ರೀ, ಈಸು ಕಲ್ಸಿ ರೊಕ್ಕ ತಗೊಂಡ್ರ ನಡೀತೈತೇನ್ರೀ?"

ನಡೆಯುತ್ತದೆ ಎಂದು ಹೇಳಿದೆವು. ಕೆಲಸ ಏನು, ಎಷ್ಟು ದಿನ, ಕೂಲಿ ಎಷ್ಟು ಎಂಬುದು ಮೊದಲೇ ಖಚಿತವಾಗಿದ್ದರೆ ಇಜಾರಾ ಒಪ್ಪಂದದಲ್ಲಿ ತಪ್ಪೇನಿಲ್ಲ. ಈಜು ಕಲಿಯುವುದನ್ನು ವ್ಯರ್ಥ ಆಟಗಳ ಸಾಲಿನಿಂದ ಹೊರಗಿಟ್ಟ ಹದೀಸ್ ಇಮಾಮ್ ನಸಾಈಯವರ ಸಂಗ್ರಹದಲ್ಲಿ ಉಂಟು. ಮಕ್ಕಳಿಗೆ ಈಜು, ಬಿಲ್ಲುಗಾರಿಕೆ, ಕುದುರೆ ಸವಾರಿ ಕಲಿಸಿರಿ ಎಂಬ ಅರ್ಥದ ಮಾತು ಹಜ್ರತ್ ಉಮರ್ (ರ.ಅ.) ಅವರದೆಂದು ಪ್ರಸಿದ್ಧ. ವಅಳ್‌ಗಳಲ್ಲಿ ನಾವೆಲ್ಲ ಆ ಮಾತನ್ನು ಎಷ್ಟು ಸಲ ಹೇಳಿದ್ದೇವೋ ಲೆಕ್ಕವಿಲ್ಲ. ಕೇಳಿದವರಲ್ಲಿ ಎಷ್ಟು ಜನ ಮಗುವನ್ನು ನೀರಿಗೆ ಇಳಿಸಿದ್ದಾರೆ ಎಂದು ಕೇಳಿದರೆ ಮಸೀದಿ ನಿಶ್ಶಬ್ದ! 'ಬ್ಯಾರಿ' ಎಂಬ ಹೆಸರೇ ವ್ಯಾಪಾರದ 'ಬ್ಯಾರ'ದಿಂದ ಬಂತೆಂದು ಕೆಲವರು, ಕಡಲೆಂಬ ಅರ್ಥದ ಅರಬಿಯ 'ಬಹ್ರ್'ನಿಂದ ಬಂತೆಂದು ಕೆಲವರು ಹೇಳುತ್ತಾರೆ. ಯಾವುದೇ ಇರಲಿ, ಎರಡೂ ಕೂಡಿದ ಕಸುಬು ಇದು.

ಹಿಂದೆ ಇದಕ್ಕೆ ಯಾರೂ ರೊಕ್ಕ ಕೊಡುತ್ತಿರಲಿಲ್ಲ ಎಂಬ ಮಾತು ಇಲ್ಲಿನ ಹಿರಿಯರದ್ದು. ನಿಜ. ಈ ಕಡೆ ಸೋರೆ ಬುರುಡೆ ಬೆನ್ನಿಗೆ ಕಟ್ಟಿ, ಸೊಂಟಕ್ಕೆ ಹಗ್ಗ ಬಿಗಿದು ಬಾವಿಗೆ ಇಳಿಸುತ್ತಿದ್ದರು. ನಮ್ಮ ಕಡೆ ಬಾಳೆದಿಂಡು ಕೊಟ್ಟು ಕೆರೆಗೋ ತೋಡಿಗೋ ದೂಡುತ್ತಿದ್ದರು. ಈಗ ಬುರುಡೆಯ ಜಾಗಕ್ಕೆ ಎಣ್ಣೆಯ ಪ್ಲಾಸ್ಟಿಕ್ ಕ್ಯಾನು ಬಂದಿದೆ. ಆದರೆ ಹಗ್ಗ ಹಿಡಿದು ಮೇಲೆ ನಿಲ್ಲುತ್ತಿದ್ದ ಅಪ್ಪ, ಮಾವ, ಅಣ್ಣಂದಿರು ಎಲ್ಲಿ? ಕಬ್ಬು ಕಡಿಯಲು ಹೋಗಿದ್ದಾರೆ, ಫ್ಯಾಕ್ಟರಿಗೆ ಹೋಗಿದ್ದಾರೆ, ಸೌದಿಯಲ್ಲಿದ್ದಾರೆ. ಬುರುಡೆ ಮುಖ್ಯ ಅಲ್ಲ, ಹಗ್ಗದ ಆ ತುದಿಯ ಮನುಷ್ಯ ಮುಖ್ಯ. ಈ ಯುವಕ ಸಂಬಳ ಕೇಳುವುದು ಆ ಜಾಗದಲ್ಲಿ ನಿಲ್ಲುವುದಕ್ಕೆ.

ಪುಕ್ಕಟೆ ಕಲಿಸುವವರೂ ಇದ್ದಾರೆ. ಕೇರಳದ ತಟ್ಟೇಕ್ಕಾಡಿನಲ್ಲಿ 2007ರ ಫೆಬ್ರವರಿಯಲ್ಲಿ ದೋಣಿ ಮುಳುಗಿ ಶಾಲಾ ಪ್ರವಾಸದ ಮಕ್ಕಳು, ಅಧ್ಯಾಪಕರು ಸೇರಿ 18 ಮಂದಿ ಸತ್ತರು. ಆ ದುರಂತ ಮನಸ್ಸಿಗೆ ತಟ್ಟಿ ಆಲುವದ ಸಜಿ ವಾಳಶ್ಶೇರಿಲ್ ಪೆರಿಯಾರ್ ನದಿಯಲ್ಲಿ ಮಕ್ಕಳಿಗೆ ಉಚಿತವಾಗಿ ಈಜು ಕಲಿಸತೊಡಗಿದರು. ಸಾವಿರಾರು ಜನ ಅಲ್ಲಿ ಕಲಿತಿದ್ದಾರೆ. ಅಲ್ಲಾಹು ಅವರಿಗೆ ಪ್ರತಿಫಲ ಕೊಡಲಿ. ಆದರೆ ಅವರಿಗೆ ಬೇರೆ ವ್ಯಾಪಾರ ಇದೆ. ಬೇರೆ ಆದಾಯ ಇಲ್ಲದ ಹುಡುಗನನ್ನು "ಸವಾಬಿನ ಕೆಲಸ ಅಲ್ವಾ, ಪುಕ್ಕಟೆ ಮಾಡು" ಎಂದರೆ ಎರಡನೇ ವರ್ಷ ಅವನು ಮತ್ತೆ ವಿಮಾನ ಹತ್ತುತ್ತಾನೆ. ಮದ್ರಸದ ಉಸ್ತಾದರ ಸಂಬಳದ ವಿಷಯದಲ್ಲೂ ಜಮಾಅತಿನವರು ಹೀಗೆಯೇ ಮಾತಾಡುವುದುಂಟು, ಅದು ಬೇರೆ ಮಾತು.

ಕೊಳ ಎಲ್ಲಿಂದ ತರುವುದು? ನೂರು ಕಿಲೋಮೀಟರ್ ಆಸುಪಾಸು ದೂರದ ಬೆಳಗಾವಿಯಲ್ಲಿ ಒಳ್ಳೆಯ ಕೊಳಗಳಿವೆ, ಇಲ್ಲಿಯ ಮಗು ದಿನಾ ಅಲ್ಲಿಗೆ ಹೋಗಲಾದೀತೆ? ಹೊಸದು ಕಟ್ಟಿಸಿದರೆ ಬಂಡವಾಳವೇ ಮುಳುಗುತ್ತದೆ. ಅವನು ಕಂಡುಕೊಂಡ ದಾರಿ ನಮಗೆ ಹಿಡಿಸಿತು. ಕಬ್ಬಿನ ತೋಟದವರೊಬ್ಬರು ಕೊಳವೆಬಾವಿಯ ನೀರು ತುಂಬಿಸಿಡುವ ಸಿಮೆಂಟಿನ ಹೌದು, 10 ಮೀಟರ್ ಉದ್ದ, 5 ಮೀಟರ್ ಅಗಲ. ಪೂರ್ತಿ ತುಂಬಿಸದೆ ಮೂರಡಿ ಮಾತ್ರ ನಿಲ್ಲಿಸಿದರೆ ಸುಮಾರು 45,000 ಲೀಟರ್. ತ್ರೀಫೇಸ್ ಕರೆಂಟ್ ಬಂದಾಗ ತುಂಬುವುದು, ಮೂರ್ನಾಲ್ಕು ದಿನ ಮಕ್ಕಳಿಗೆ, ಆಮೇಲೆ ಅದೇ ನೀರು ಕಬ್ಬಿಗೆ. ನೀರು ಬದಲಾಗುತ್ತಲೇ ಇರುವುದರಿಂದ ದೊಡ್ಡ ಫಿಲ್ಟರ್ ಯಂತ್ರದ ಖರ್ಚಿಲ್ಲ, ನೀರೂ ಹಾಳಿಲ್ಲ.

ಆದರೂ ಕ್ಲೋರಿನ್ ಬೇಕೇ ಬೇಕು. ಲೀಟರಿಗೆ 1ರಿಂದ 3 ಮಿಲಿಗ್ರಾಂ ಉಳಿಯಬೇಕು ಎಂಬುದು ಕೊಳಗಳ ರೂಢಿಯ ಲೆಕ್ಕ. ಶೇ. 30ರ ಬ್ಲೀಚಿಂಗ್ ಪೌಡರ್ ಆದರೆ ಈ ಹೌದಿಗೆ 1 ಮಿಲಿಗ್ರಾಂ ಮಟ್ಟ ಬರಲು 150 ಗ್ರಾಂ. ಬಿಸಿಲಿಗೆ ಹಾರಿಹೋಗುವುದರಿಂದ ದಿನಾ ನೋಡಿ ಹಾಕಬೇಕು, ಬಕೆಟಿನಲ್ಲಿ ಕಲಸಿ, ಸುಣ್ಣ ತಳಕ್ಕೆ ಕೂತ ಮೇಲೆ ತಿಳಿನೀರು ಮಾತ್ರ ಸುರಿಯಬೇಕು. ಕಬ್ಬಿಗೆ ಬಿಡುವ ಮುಂಚೆ ಒಂದು ದಿನ ಏನೂ ಹಾಕದೆ ಬಿಟ್ಟರೆ ಆಯಿತು. ಇಷ್ಟು ಮಕ್ಕಳು ಇಳಿದ ನೀರು ನಜೀಸ್ ಆಗುವುದಿಲ್ಲವೇ ಎಂದು ಒಬ್ಬ ತಂದೆ ಕೇಳಿದರು. ನಮ್ಮ ಶಾಫಿಈ ಮಝ್‌ಹಬಿನ ಎರಡು ಕುಲ್ಲದ ಲೆಕ್ಕಕ್ಕೂ, ಇಲ್ಲಿನವರ ಹನಫಿಯ ಹತ್ತು ಮೊಳಕ್ಕೆ ಹತ್ತು ಮೊಳದ ಲೆಕ್ಕಕ್ಕೂ ಇದು ಸಾಕಷ್ಟು ದೊಡ್ಡ ನೀರು. ಬಣ್ಣ, ರುಚಿ, ವಾಸನೆ ಕೆಡದಿದ್ದರೆ ಫಿಕ್ಹಿನ ತಕರಾರಿಲ್ಲ. ಕಣ್ಣು ಬೇನೆ, ಭೇದಿ ಬಂದರೆ ಮಾತ್ರ ಡಾಕ್ಟರ ತಕರಾರು. ಅದಕ್ಕೇ ಪೌಡರ್.

ಬಂಡವಾಳಕ್ಕೆ ಬಡ್ಡಿ ಸಾಲ ಬೇಡ ಎಂದು ಅವನೇ ಹೇಳಿದ. ಹೌದಿನ ಯಜಮಾನರು ಹೌದು, ಪಂಪು, ನೆರಳಿನ ಬಲೆಯ ಖರ್ಚು ಹಾಕುವುದು, ಇವನು ದುಡಿಮೆ ಹಾಕುವುದು, ಲಾಭ ಮಾತಾಡಿಕೊಂಡ ಪಾಲಿನಲ್ಲಿ. ನಷ್ಟವಾದರೆ ಹಣ ಹಾಕಿದವರ ಹಣ ಹೋಗುತ್ತದೆ, ಇವನ ದುಡಿಮೆ ಹೋಗುತ್ತದೆ. ಮುದಾರಬದ ಹಳೆಯ ನಿಯಮವೇ ಇದು. ಬಾಯಿಮಾತು ಸಾಲದು, ಬರೆದಿಡಿ ಎಂದೆವು. ಪುರಸಭೆಯಲ್ಲಿ ಕೇಳಿ ಪರವಾನಗಿ, ಹೆತ್ತವರ ಸಹಿಯ ಒಪ್ಪಿಗೆ ಪತ್ರ, ಅಪಸ್ಮಾರ, ಉಬ್ಬಸ ಇರುವ ಮಕ್ಕಳಿಗೆ ಡಾಕ್ಟರ ಚೀಟಿ, ಇವೆಲ್ಲ ನೀರು ತುಂಬುವ ಮುಂಚೆ ಆಗಬೇಕು.

ಲೆಕ್ಕದಲ್ಲಿ ಕಷ್ಟ ಇರುವುದು ಋತುವಿನದ್ದು. ಏಪ್ರಿಲ್ ಎರಡನೇ ವಾರದಿಂದ ಮೇ ಕೊನೆಯವರೆಗಿನ ಶಾಲಾ ರಜೆಯೇ ಸುಗ್ಗಿ. ಹದಿನೈದು ದಿನಕ್ಕೊಂದು ತರಬೇತಿ, ಹತ್ತತ್ತು ಮಕ್ಕಳ ಮೂರು ತಂಡ, ತಲೆಗೆ ಸಾವಿರ ರೂಪಾಯಿ ಎಂದಿಟ್ಟುಕೊಂಡರೆ ರಜೆಗೆ ಮೂರು ಸುತ್ತು, 90,000 ರೂಪಾಯಿ. ಸಹಾಯಕರ ಕೂಲಿ, ಪೌಡರ್, ಯಜಮಾನರ ಪಾಲು ಕಳೆದರೆ ಕೈಗೆ ಅರ್ಧ ಬಂದರೆ ದೊಡ್ಡದು. ವರ್ಷವಿಡೀ ಮನೆ ನಡೆಸಲು ಇದು ಸಾಲದು. ಮಳೆಗಾಲ, ಚಳಿಗಾಲಕ್ಕೆ ಬೇರೆ ಕೆಲಸ ಇಟ್ಟುಕೊಳ್ಳಲೇಬೇಕು. ತಂಡಕ್ಕೆ ಇಪ್ಪತ್ತು ಮಕ್ಕಳನ್ನು ಹಾಕಿಕೊಂಡರೆ ದುಡ್ಡು ಎರಡು ಪಟ್ಟು ಎಂದು ಯಾರೋ ಸಲಹೆ ಕೊಟ್ಟರಂತೆ. ಇದಕ್ಕೆ ಮಾತ್ರ ನಾವು ಖಡಾಖಂಡಿತ ಬೇಡ ಎಂದೆವು. ಐದು ಮಕ್ಕಳಿಗೆ ನೀರಿನೊಳಗೆ ಒಬ್ಬ, ಅದರ ಮೇಲೆ ದಂಡೆಯಲ್ಲಿ ಎಣಿಸುತ್ತಾ ನಿಲ್ಲುವ ಒಬ್ಬ, ಅವನ ಕೈಯಲ್ಲಿ ಮೊಬೈಲ್ ಇರಬಾರದು. ಮಕ್ಕಳು ಮುಳುಗುವಾಗ ಸಿನಿಮಾದ ಹಾಗೆ ಕೂಗುವುದಿಲ್ಲ ಮಾರಾಯ್ರೆ, ಸದ್ದಿಲ್ಲದೆ ಹೋಗುತ್ತಾರೆ.

ಏನು ಕಲಿಸಬೇಕು ಎಂಬುದಕ್ಕೆ ಬಾಂಗ್ಲಾದೇಶದ ಹಳ್ಳಿಗಳು ಮಾದರಿ. ಅಲ್ಲಿ 'ಸ್ವಿಮ್‌ಸೇಫ್' ಎಂಬ ಕಾರ್ಯಕ್ರಮದಲ್ಲಿ ಊರ ಕೆರೆಯೊಳಗೇ ಬಿದಿರಿನ ಅಟ್ಟ ಕಟ್ಟಿ, ಅದರ ಮೇಲೆ ಮಗುವನ್ನು ನಿಲ್ಲಿಸಿ ಕಲಿಸುತ್ತಾರೆ. ಪದಕದ ಈಜು ಅಲ್ಲ. 25 ಮೀಟರ್ ದಾಟುವುದು, ಸುಸ್ತಾದರೆ ಅಂಗಾತ ತೇಲುವುದು, ಮುಳುಗುವವರಿಗೆ ದಡದಿಂದಲೇ ಕೋಲು, ಹಗ್ಗ ಕೊಡುವುದು, ಇಷ್ಟೇ. ಮೂರನೆಯದು ಈ ಊರಿಗೆ ಎಲ್ಲಕ್ಕಿಂತ ಮುಖ್ಯ. ಒಬ್ಬನನ್ನು ಉಳಿಸಲು ಹೋಗಿ ಇಬ್ಬರು ಮೂವರು ಹೋದ ಸುದ್ದಿ ನಾವು ಪ್ರತಿ ಬೇಸಿಗೆ ಓದುತ್ತೇವೆ. ಪುಣೆಯ ರಾಷ್ಟ್ರೀಯ ಲೈಫ್ ಸೇವಿಂಗ್ ಸೊಸೈಟಿಯ ತರಬೇತಿಯನ್ನು ಸಹಾಯಕ ಹುಡುಗರೂ ಪಡೆದರೆ ಒಳ್ಳೆಯದು.

ಹೊರತೆಗೆದ ಮೇಲೆ ಏನು ಮಾಡಬೇಕೆಂಬುದನ್ನು ಹೆತ್ತವರಿಗೂ ಕಲಿಸಬೇಕಾಗಿದೆ. ಉಪ್ಪಿನ ರಾಶಿಯಲ್ಲಿ ಹೂತಿಟ್ಟರೆ ಜೀವ ಬರುತ್ತದೆಂಬ ವಾಟ್ಸ್‌ಆ್ಯಪ್ ಸುಳ್ಳು ನಂಬಿ ಬಳ್ಳಾರಿ, ಹಾವೇರಿ ಜಿಲ್ಲೆಗಳಲ್ಲಿ ಮಕ್ಕಳ ಮೃತದೇಹಗಳನ್ನು ಗಂಟೆಗಟ್ಟಲೆ ಉಪ್ಪಿನಲ್ಲಿಟ್ಟು ಕಾದರು. ತಲೆಕೆಳಗೆ ಮಾಡಿ ತಿರುಗಿಸುವುದು, ಹೊಟ್ಟೆ ಒತ್ತುವುದು ಕೂಡ ಬೇಡ. ಉಸಿರಿಲ್ಲದಿದ್ದರೆ ಬಾಯಿಗೆ ಬಾಯಿಟ್ಟು ಗಾಳಿ ಕೊಡಬೇಕು, ಎದೆ ಒತ್ತಬೇಕು, 108ಕ್ಕೆ ಫೋನ್ ಮಾಡಬೇಕು, ಆಸ್ಪತ್ರೆ ತಲುಪುವವರೆಗೂ ನಿಲ್ಲಿಸಬಾರದು.

ಮಗುವಿಗೆ ಶಕ್ತಿ ಸಾಲದು, ಹುಷಾರಿಲ್ಲ ಎಂದು ಹಿಂಜರಿಯುವ ತಾಯಂದಿರಿಗೆ ನಾವು ಬೆಳಗಾವಿಯ ಮೊಯಿನ್ ಜುನ್ನೇದಿಯ ಕಥೆ ಹೇಳುತ್ತೇವೆ. ಮುಟ್ಟಿದರೆ ಎಲುಬು ಮುರಿಯುವ ಹುಟ್ಟುರೋಗ, ನಡೆಯಲು ಆಗದು. ಕೋಚ್ ಉಮೇಶ ಕಲಘಟಗಿ ನೀರಿಗಿಳಿಸಿ ಕಲಿಸಿದರು. ಆ ಹುಡುಗ ಅಂಗವಿಕಲರ ಈಜಿನಲ್ಲಿ ದೇಶ ವಿದೇಶದಲ್ಲಿ ಚಿನ್ನ ಗೆದ್ದು ಬಂದ.

ಉಳಿದಿರುವುದು ಹೆಣ್ಣುಮಕ್ಕಳ ವಿಷಯ. 2024ರ ನವೆಂಬರಿನಲ್ಲಿ ನಮ್ಮ ಉಚ್ಚಿಲದ ರೆಸಾರ್ಟಿನ ಕೊಳದಲ್ಲಿ ಮೈಸೂರಿನ ಮೂವರು ಯುವತಿಯರು, ಮುಂದಿನ ತಿಂಗಳು ಮುರುಡೇಶ್ವರದ ಕಡಲಲ್ಲಿ ಪ್ರವಾಸ ಬಂದ ಕೋಲಾರ ಜಿಲ್ಲೆಯ ನಾಲ್ವರು ವಿದ್ಯಾರ್ಥಿನಿಯರು ಹೋದರು. ಗಂಡು ಮಕ್ಕಳು ಕದ್ದಾದರೂ ಕಾಲುವೆಯಲ್ಲಿ ಕಲಿಯುತ್ತಾರೆ, ಹೆಣ್ಣುಮಕ್ಕಳಿಗೆ ಕದಿಯಲೂ ಬಿಡುವುದಿಲ್ಲ ನಾವು. ಪರ್ದಾದ ಕಾರಣ ಹೇಳುತ್ತೇವೆ. ಝಂಝಿಬಾರಿನ ಮುಸ್ಲಿಂ ಹೆಣ್ಣುಮಕ್ಕಳು ಮೈತುಂಬ ಉಡುಪಿನಲ್ಲೇ, ಹೆಂಗಸರ ಕೈಯಲ್ಲೇ ಈಜು ಕಲಿತು, ಈಗ ತಾವೇ ಇತರರಿಗೆ ಕಲಿಸುತ್ತಿದ್ದಾರೆ. ನಾಲ್ಕು ಕಡೆ ಶೀಟು ಹೊಡೆದ ಗೋಡೆ, ಬೇರೆ ಸಮಯ, ಕಲಿಸಲು ಒಬ್ಬ ಹೆಂಗಸು ಇದ್ದರೆ ಶರೀಅತ್ತಿನಲ್ಲಿ ಯಾವ ಅಡ್ಡಿ?

ಶೀಟು ತರಿಸಿಯಾಗಿದೆ. ಫಜ್ರ್ ನಂತರದ ಒಂದೂವರೆ ಗಂಟೆ ಅವರಿಗೆಂದು ಬಿಟ್ಟಿದ್ದಾನೆ, ಎಂಟು ಹುಡುಗಿಯರ ಹೆಸರೂ ಪುಸ್ತಕದಲ್ಲಿದೆ. ಶಿಕ್ಷಕಿ ಮಾತ್ರ ಈ ತಾಲೂಕಿನಲ್ಲಿ ಸಿಗಲಿಲ್ಲ. ಮಂಗಳೂರು, ಉಳ್ಳಾಲ ಕಡೆ ಈಜು ಕಲಿತು ಕಲಿಸಬಲ್ಲ ಸಹೋದರಿಯರು ಇದ್ದರೆ ಏಪ್ರಿಲ್‌ನಲ್ಲಿ ಒಂದು ತಿಂಗಳ ಮಟ್ಟಿಗೆ ಮಹ್ರಮ್ ಸಮೇತ ಬರಬಹುದು. ಉಳಿಯಲು ಒಂದು ಮನೆ ನೋಡಿಟ್ಟಿದ್ದೇವೆ, ಸಂಬಳ ಅವನು ಕೊಡುತ್ತಾನೆ, ಊಟ ನಮ್ಮ ಮನೆಗಳಲ್ಲಿ. ಜೋಳದ ರೊಟ್ಟಿ ಮಾತ್ರ ಅಭ್ಯಾಸ ಮಾಡಿಕೊಳ್ಳಬೇಕು.