ನಿಮಿರು ದೌರ್ಬಲ್ಯ

ನಿಮಿರು ದೌರ್ಬಲ್ಯವೆಂದರೆ ಸಂಭೋಗಕ್ಕೆ ಸಾಕಾಗುವಷ್ಟು ಶಿಶ್ನದ ನಿಮಿರುವಿಕೆಯನ್ನು ಪಡೆಯಲು ಅಥವಾ ಉಳಿಸಿಕೊಳ್ಳಲು ಪುರುಷನಿಗೆ ಪದೇ ಪದೇ ಸಾಧ್ಯವಾಗದಿರುವ ಸ್ಥಿತಿ. ದಣಿವು, ಆತಂಕ ಅಥವಾ ಮದ್ಯಪಾನದಿಂದ ಎಂದೋ ಒಮ್ಮೆ ಹೀಗಾಗುವುದು ರೋಗವಲ್ಲ. ಆದರೆ ತಿಂಗಳುಗಟ್ಟಲೆ ಮುಂದುವರಿದರೆ ಅದು ಹೃದ್ರೋಗ, ಮಧುಮೇಹ, ಅಧಿಕ ರಕ್ತದೊತ್ತಡ ಮೊದಲಾದವುಗಳ ಮುನ್ಸೂಚನೆಯಾಗಿರಬಹುದು.

ಹೆಸರು

ಹಿಂದೆ ಇದನ್ನು ನಪುಂಸಕತ್ವ, ಷಂಡತನ ಎಂದು ಕರೆಯುತ್ತಿದ್ದರು. ಈ ಪದಗಳು ಕಾಯಿಲೆಯನ್ನು ಸೂಚಿಸುವುದಕ್ಕಿಂತ ಹೆಚ್ಚಾಗಿ ವ್ಯಕ್ತಿಯನ್ನು ಹೀಗಳೆಯುತ್ತವೆ. ಇಂಗ್ಲಿಷಿನಲ್ಲಿಯೂ ಇದೇ ಕಾರಣಕ್ಕೆ 'ಇಂಪೊಟೆನ್ಸ್' ಪದವನ್ನು ಬಿಟ್ಟು 'ಇರೆಕ್ಟೈಲ್ ಡಿಸ್‌ಫಂಕ್ಷನ್' ಎಂದು ಬಳಸುವಂತೆ 1992ರಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ತಜ್ಞರ ಸಮಾವೇಶವು ಸೂಚಿಸಿತು.

ನಿಮಿರುವಿಕೆಯ ಕ್ರಿಯೆ

ನಿಮಿರುವಿಕೆಯು ಮುಖ್ಯವಾಗಿ ರಕ್ತಸಂಚಾರದ ಕ್ರಿಯೆ. ಲೈಂಗಿಕ ಪ್ರಚೋದನೆಯಾದಾಗ ನರಗಳು ಹಾಗೂ ರಕ್ತನಾಳಗಳ ಒಳಪದರವು ನೈಟ್ರಿಕ್ ಆಕ್ಸೈಡ್ ಅನ್ನು ಬಿಡುಗಡೆ ಮಾಡುತ್ತವೆ. ಇದರಿಂದ ನಾಳಗಳ ಸ್ನಾಯುಗಳು ಸಡಿಲಗೊಂಡು, ರಕ್ತವು ಶಿಶ್ನದೊಳಗೆ ತುಂಬಿಕೊಳ್ಳುತ್ತದೆ. ಹೃದಯಕ್ಕೆ ರಕ್ತ ಒದಗಿಸುವ ಧಮನಿಗಳು ಹಿಗ್ಗುವುದಕ್ಕೂ ಇದೇ ಅನಿಲ ಬೇಕು. ರಕ್ತಪರಿಚಲನೆಯಲ್ಲಿ ಅದರ ಪಾತ್ರವನ್ನು ಕಂಡುಹಿಡಿದ ರಾಬರ್ಟ್ ಫರ್ಚ್‌ಗಾಟ್, ಲೂಯಿಸ್ ಇಗ್ನಾರೋ ಮತ್ತು ಫೆರಿದ್ ಮುರಾದ್ ಅವರಿಗೆ 1998ರ ವೈದ್ಯಕೀಯ ನೊಬೆಲ್ ಪ್ರಶಸ್ತಿ ದೊರೆಯಿತು.

ಹೃದ್ರೋಗದೊಂದಿಗೆ ಸಂಬಂಧ

ಧೂಮಪಾನ, ಮಧುಮೇಹ, ರಕ್ತದೊತ್ತಡ ಮತ್ತು ಅಧಿಕ ಕೊಲೆಸ್ಟರಾಲ್ ರಕ್ತನಾಳಗಳ ಒಳಪದರವನ್ನು ದೇಹದಾದ್ಯಂತ ಹಾಳುಮಾಡುತ್ತವೆ. ಶಿಶ್ನದ ಧಮನಿಗಳ ವ್ಯಾಸ ಸುಮಾರು 1ರಿಂದ 2 ಮಿಲಿಮೀಟರ್. ಹೃದಯದ ಧಮನಿಗಳದು 3ರಿಂದ 4 ಮಿಲಿಮೀಟರ್. ಒಂದೇ ಪ್ರಮಾಣದ ಕೊಬ್ಬು ಅಂಟಿಕೊಂಡರೂ ಕಿರಿದಾದ ನಾಳದಲ್ಲಿ ಅಡಚಣೆ ಮೊದಲು ಕಾಣಿಸಿಕೊಳ್ಳುತ್ತದೆ ಎಂಬುದು ಇದಕ್ಕೆ ನೀಡಲಾಗುವ ಒಂದು ವಿವರಣೆ. ಅನೇಕ ರೋಗಿಗಳಲ್ಲಿ ನಿಮಿರು ದೌರ್ಬಲ್ಯವು ಎದೆನೋವಿಗಿಂತ ಎರಡರಿಂದ ಐದು ವರ್ಷ ಮೊದಲೇ ಕಾಣಿಸಿಕೊಂಡಿದೆ. ಹೃದಯಾಘಾತವನ್ನು ತಡೆಯಲು ದೊರೆಯುವ ಅವಕಾಶ ಈ ಅವಧಿಯೇ.

ಇತರ ಕಾರಣಗಳು

ಮಧುಮೇಹವು ರಕ್ತನಾಳಗಳ ಜೊತೆಗೆ ನರಗಳನ್ನೂ ಹಾನಿಗೊಳಿಸುತ್ತದೆ. ಟೆಸ್ಟೋಸ್ಟೆರಾನ್ ಕೊರತೆ, ಮೂತ್ರಪಿಂಡದ ಕಾಯಿಲೆ, ಖಿನ್ನತೆ ಹಾಗೂ ರಕ್ತದೊತ್ತಡ ಮತ್ತು ಖಿನ್ನತೆಗೆ ನೀಡುವ ಕೆಲವು ಔಷಧಿಗಳೂ ಕಾರಣವಾಗಬಲ್ಲವು. ಬೆಳಗಿನ ಜಾವದಲ್ಲಿ ನಿಮಿರುವಿಕೆ ಸಹಜವಾಗಿದ್ದರೆ ಕಾರಣ ಮಾನಸಿಕವಾಗಿರುವ ಸಾಧ್ಯತೆ ಹೆಚ್ಚು.

ತಪಾಸಣೆ ಮತ್ತು ಚಿಕಿತ್ಸೆ

ವೈದ್ಯರು ಸಾಮಾನ್ಯವಾಗಿ ರಕ್ತದೊತ್ತಡ, ರಕ್ತದ ಸಕ್ಕರೆ, ಕೊಲೆಸ್ಟರಾಲ್ ಮತ್ತು ಟೆಸ್ಟೋಸ್ಟೆರಾನ್ ಪರೀಕ್ಷಿಸುತ್ತಾರೆ. ಧೂಮಪಾನ ತ್ಯಜಿಸುವುದು, ನಿಯಮಿತ ವ್ಯಾಯಾಮ ಮತ್ತು ತೂಕ ಇಳಿಸುವುದು ಹೃದಯಕ್ಕೂ ಈ ತೊಂದರೆಗೂ ಹಿತಕರ.

ಮೊದಲು ಎದೆನೋವಿನ ಚಿಕಿತ್ಸೆಗೆಂದು ಪರೀಕ್ಷಿಸಲಾದ ಸಿಲ್ಡೆನಾಫಿಲ್, 1998ರಲ್ಲಿ ನಿಮಿರು ದೌರ್ಬಲ್ಯದ ಔಷಧಿಯಾಗಿ ಅಮೆರಿಕದಲ್ಲಿ ಮಾನ್ಯತೆ ಪಡೆಯಿತು. ಎದೆನೋವಿಗೆ ನೈಟ್ರೇಟ್ ಮಾತ್ರೆ ಸೇವಿಸುವವರು ಇದನ್ನು ತೆಗೆದುಕೊಂಡರೆ ರಕ್ತದೊತ್ತಡ ಪ್ರಾಣಾಪಾಯವಾಗುವಷ್ಟು ಕುಸಿಯಬಹುದು. ಸಂಕೋಚದಿಂದ ವೈದ್ಯರಿಗೆ ತಿಳಿಸದೆ ಮಾತ್ರೆ ನುಂಗುವುದರಲ್ಲಿ ಇನ್ನೊಂದು ಅಪಾಯವೂ ಇದೆ: ಲಕ್ಷಣ ಮರೆಯಾಗುತ್ತದೆ, ಮೂಲ ಕಾಯಿಲೆ ಒಳಗೇ ಬೆಳೆಯುತ್ತದೆ.